ಟೆಂಟ್ ಮುಂದೆ ಒಂದು ಲೋಟ ಚಹಾ: ಸ್ಟೌ ಕೊಳ್ಳುವ ಮೊದಲು ಗ್ಯಾಸ್ ತೂಗಿ ನೋಡಿ

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟ. ಡಿಸೆಂಬರ್ ತಿಂಗಳು. ಸ್ನೇಹಿತರ ತೋಟದ ಕಣದಲ್ಲಿ ನಾವು ನಾಲ್ಕು ಜನ ಟೆಂಟ್ ಹಾಕಿದ್ದೆವು. ಅನ್ನಕ್ಕಿಟ್ಟು ಹತ್ತು ನಿಮಿಷ ಆಗಿರಬಹುದು. ಉರಿ ಸಣ್ಣಗಾಯಿತು, ಒಂದೆರಡು ಸಲ ನಡುಗಿತು, ಪುಸ್ ಎಂದು ಆರಿಹೋಯಿತು. ಗ್ಯಾಸ್ ಡಬ್ಬಿ ಎತ್ತಿ ಅಲ್ಲಾಡಿಸಿದರೆ ಒಳಗೆ ಏನೂ ಕುಲುಕಲಿಲ್ಲ. ಅಕ್ಕಿ ಹೊರಗೆ ಬೆಂದು ಒಳಗೆ ಕಲ್ಲಾಗಿತ್ತು. ಬೆಳಗಿನ ತಿಂಡಿಗೆಂದು ತಂದಿದ್ದ ಅವಲಕ್ಕಿಯನ್ನು ಮೊಸರಲ್ಲಿ ಕಲಸಿ ತಿಂದು ಮಲಗಿದೆವು.

ತಪ್ಪು ಸ್ಟೌದಲ್ಲ. ಯಾವ ಸ್ಟೌ ಚೆಂದ, ಯಾವುದು ಹಗುರ ಅಂತ ವಾರಗಟ್ಟಲೆ ಹುಡುಕಿ ಕೊಂಡಿದ್ದೆ. ಒಂದು ಊಟಕ್ಕೆ ಎಷ್ಟು ಗ್ರಾಂ ಗ್ಯಾಸ್ ಬೇಕು ಅನ್ನೋದನ್ನು ಮಾತ್ರ ನೋಡಿರಲಿಲ್ಲ. ಸ್ಟೌಗೆ ದುಡ್ಡು ಕೊಡುವುದು ಒಂದೇ ಸಲ, ಗ್ಯಾಸಿಗೆ ಪ್ರತಿ ಸಲ. ಹಾಗಾಗಿ ಹೋಲಿಕೆ ಅಲ್ಲಿಂದಲೇ ಶುರುವಾಗಬೇಕು.

ಮೊದಲು: ಬೆನ್ನ ಮೇಲೋ, ಡಿಕ್ಕಿಯಲ್ಲೋ?

ಸ್ಟೌವನ್ನು ನೀವು ಹೊತ್ತು ನಡೆಯುತ್ತೀರೋ, ಕಾರಿನಲ್ಲಿ ಹಾಕಿಕೊಂಡು ಹೋಗುತ್ತೀರೋ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿಯಿತು.

ಹೊತ್ತು ನಡೆಯುವವರಿಗೆ ತಿರುಪು ಡಬ್ಬಿಯ ಸ್ಟೌ ಸರಿ. ಮುಷ್ಟಿಯಷ್ಟು ದೊಡ್ಡ ಬರ್ನರ್, ಕೆಳಗೆ 230 ಗ್ರಾಂ ಗ್ಯಾಸಿನ ಗುಂಡು ಡಬ್ಬಿ. ತಿರುಗಿಸಿ ಕೂರಿಸಿದರೆ ಆಯಿತು. ಮೂರು ಕಾಲು ಸಣ್ಣವು, ಮೇಲೆ ದೊಡ್ಡ ಪಾತ್ರೆ ಇಟ್ಟರೆ ವಾಲುತ್ತದೆ. ಇಬ್ಬರ ಅಡುಗೆಗೆ ಹೇಳಿಮಾಡಿಸಿದ್ದು.

ಕಾರಿನವರಿಗೆ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬರುವ ಚಪ್ಪಟೆ ಸ್ಟೌ ಇದೆ. ಪಕ್ಕದಲ್ಲಿ ಉದ್ದನೆಯ 220 ಗ್ರಾಂ ಬ್ಯೂಟೇನ್ ಡಬ್ಬಿ ಮಲಗಿಸಿ ಲಿವರ್ ಒತ್ತುವುದು. ದೋಸೆ ಕಾವಲಿ ಕೂಡ ಅಲ್ಲಾಡದೆ ಕೂರುತ್ತದೆ. ಆದರೆ ಕಾವಲಿ ಅತಿ ದೊಡ್ಡದಾಗಿ ಡಬ್ಬಿಯ ಗೂಡಿನ ಮೇಲೆ ಚಾಚಿಕೊಳ್ಳಬಾರದು. ಕೆಳಗಿನ ಡಬ್ಬಿ ಕಾದು ಸಿಡಿಯಬಹುದು.

ಮೂರನೆಯದು 5 ಕೆ.ಜಿ.ಯ ಸಣ್ಣ ಸಿಲಿಂಡರ್. 2013ರಲ್ಲಿ ತೈಲ ಕಂಪನಿಗಳು ಇದನ್ನು ಪೆಟ್ರೋಲ್ ಬಂಕ್‌ಗಳಲ್ಲಿ ಮಾರಲು ಶುರುಮಾಡಿದವು. 2020ರಲ್ಲಿ ಇಂಡೇನ್ ತನ್ನದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಉಕ್ಕಿನ ಖಾಲಿ ಸಿಲಿಂಡರೇ ಒಳಗಿನ ಗ್ಯಾಸಿಗಿಂತ ಭಾರ, ಹಾಗಾಗಿ ಬೆಟ್ಟ ಹತ್ತಿಸುವ ಮಾತೇ ಇಲ್ಲ.

ಇನ್ನು ಪಂಪ್ ಸ್ಟೌ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ರೂಪಿಸಿದ ಪ್ರೈಮಸ್ಸಿನ ವಂಶ. ನಮ್ಮಜ್ಜಿಯ ಮನೆಯಲ್ಲೂ ಒಂದಿತ್ತು. ತಲೆಗೆ ಬೆಂಕಿ ಕೊಟ್ಟು ಬಿಸಿ ಮಾಡಬೇಕು, ಪಂಪ್ ಹೊಡೆಯಬೇಕು, ಪಿನ್ ಹಾಕಬೇಕು, ಭರ್ ಎನ್ನುವ ಸದ್ದು ಕೇಳಬೇಕು. ಚಳಿಗೆ ಬಗ್ಗುವ ಸ್ಟೌ ಅದಲ್ಲ. ಆದರೆ ಸೀಮೆಎಣ್ಣೆ, ಉತ್ತರ ಕರ್ನಾಟಕದವರ ಚಿಮಣಿ ಎಣ್ಣೆ, ಈಗ ಮೊದಲಿನ ಹಾಗೆ ಕೇಳಿದ ಕಡೆಯೆಲ್ಲ ಸಿಗುವುದಿಲ್ಲ. ಬ್ಯಾಗಿನಲ್ಲಿ ಒಂದು ತೊಟ್ಟು ಚೆಲ್ಲಿದರೂ ಮೂರು ದಿನ ಬಟ್ಟೆಯೆಲ್ಲ ಅದೇ ವಾಸನೆ.

ಸ್ಪಿರಿಟ್ ಸ್ಟೌ, ಹೆಕ್ಸಾಮಿನ್ ಎಂಬ ಗಟ್ಟಿ ಇಂಧನದ ಬಿಲ್ಲೆ ಎರಡೂ ಒಬ್ಬರ ಚಹಾಕ್ಕಷ್ಟೇ ಸೈ. ಸ್ಪಿರಿಟ್ಟಿನ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆರಿದೆ ಅಂದುಕೊಂಡು ಮತ್ತೆ ಸುರಿದು ಕೈ ಸುಟ್ಟುಕೊಳ್ಳುವವರೇ ಜಾಸ್ತಿ. ಬಿಲ್ಲೆ ಪಾತ್ರೆಗೆ ಜಿಗುಟು ಮಸಿ ಹಿಡಿಸುತ್ತದೆ.

ಆಮೇಲೆ: ಅಡುಗೆಮನೆಯ ತಕ್ಕಡಿ

ಪೆಟ್ಟಿಗೆಯ ಮೇಲೆ ‘ಮೂರೇ ನಿಮಿಷದಲ್ಲಿ ಕುದಿಯುತ್ತದೆ’ ಅಂತ ಬರೆದಿರುತ್ತಾರೆ. ಎಷ್ಟು ನೀರು, ಎಷ್ಟು ಗ್ಯಾಸ್ ಅಂತ ಬರೆಯುವುದಿಲ್ಲ. ಪರೀಕ್ಷೆ ಮನೆಯಲ್ಲೇ ಮಾಡೋಣ. ಹಿಟ್ಟು, ಸಕ್ಕರೆ ತೂಗುವ ಡಿಜಿಟಲ್ ತಕ್ಕಡಿ ಸಾಕು. ಬಾಲ್ಕನಿ ಅಥವಾ ಅಂಗಳದಲ್ಲಿ, ಗಾಳಿ ಇಲ್ಲದ ಹೊತ್ತು ನೋಡಿ.

ಡಬ್ಬಿಯನ್ನು ಬರ್ನರ್ ಇಲ್ಲದೆ ತೂಗಿ. ನನ್ನ ಹೊಸ ಡಬ್ಬಿ 376 ಗ್ರಾಂ ಇತ್ತು. ಒಳಗಿನ ಗ್ಯಾಸ್ 230, ಅಂದರೆ ತಗಡಿನದು 146. ಈ 146 ಮುಖ್ಯ, ಡಬ್ಬಿಯ ಮೇಲೇ ಬರೆದಿಡಿ. ಪಾತ್ರೆಗೆ ಅಳತೆಯಿಂದ ಒಂದು ಲೀಟರ್ ನೀರು ಹಾಕಿ, ಮುಚ್ಚಳ ಮುಚ್ಚಿ, ಸ್ಟೌ ಹಚ್ಚಿ. ಉರಿ ಪಾತ್ರೆಯ ಅಂಚಿನಿಂದಾಚೆ ನಾಲಗೆ ಚಾಚುತ್ತಿದ್ದರೆ ಸ್ವಲ್ಪ ತಗ್ಗಿಸಿ. ಆಚೆ ಹೋದ ಉರಿ ಊರನ್ನು ಬಿಸಿ ಮಾಡುತ್ತದೆ, ನೀರನ್ನಲ್ಲ. ತಳದಲ್ಲಿ ಸಣ್ಣ ಗುಳ್ಳೆ ಕೂರುವುದು ಕುದಿಯಲ್ಲ. ನೀರು ಕೊತಕೊತ ಎಂದು ಮೇಲೇಳಬೇಕು. ಆಗ ಆರಿಸಿ, ಬರ್ನರ್ ತಣ್ಣಗಾದ ಮೇಲೆ ಬಿಚ್ಚಿ, ಡಬ್ಬಿಯ ತಳದಲ್ಲಿ ಕೂತ ನೀರಿನ ಹನಿ ಒರೆಸಿ, ಮತ್ತೆ ತೂಗಿ.

ನನಗೆ ಬಂದದ್ದು 360. ಒಂದು ಲೀಟರಿಗೆ 16 ಗ್ರಾಂ. ಸುಮ್ನೆ ಬಂದ ಅಂಕಿ ಅಲ್ಲ ಇದು. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100ಕ್ಕೆ ಏರಿಸಲು 80 ಕಿಲೋಕ್ಯಾಲರಿ ಬೇಕು. ಒಂದು ಗ್ರಾಂ ಗ್ಯಾಸಿನಲ್ಲಿ ಸುಮಾರು 11 ಕಿಲೋಕ್ಯಾಲರಿ ಇರುತ್ತದೆ. ಅಂದರೆ ಏಳೆಂಟು ಗ್ರಾಂ ಸಾಕಾಗಬೇಕಿತ್ತು. ಉಳಿದರ್ಧ ಪಾತ್ರೆಯ ಪಕ್ಕದಿಂದ ಗಾಳಿಪಾಲು. ನಿಮಗೆ 14ರಿಂದ 18ರೊಳಗೆ ಬಂದರೆ ಸ್ಟೌ ಚೆನ್ನಾಗಿದೆ. ಮುಚ್ಚಳ ತೆಗೆದು ಇನ್ನೊಮ್ಮೆ ಮಾಡಿ ನೋಡಿ, ಮುಚ್ಚಳದ ಬೆಲೆ ತಿಳಿಯುತ್ತದೆ.

ಗ್ರಾಮನ್ನು ರೂಪಾಯಿ ಮಾಡಿ

ಡಬ್ಬಿಯ ಬೆಲೆಯನ್ನು ಗ್ಯಾಸಿನ ಗ್ರಾಮಿನಿಂದ ಭಾಗಿಸಿ. ದರ ಊರೂರಿಗೆ ಬೇರೆ, ತಿಂಗಳು ತಿಂಗಳಿಗೆ ಬೇರೆ. ಇಲ್ಲಿ ಲೆಕ್ಕಕ್ಕೆಂದು ಒಂದು ಬೆಲೆ ಹಿಡಿಯುತ್ತೇನೆ. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಮತ್ತೆ ಭಾಗಿಸಿಕೊಳ್ಳಿ.

ತಿರುಪು ಡಬ್ಬಿ ₹300 ಎನ್ನೋಣ. ಗ್ರಾಮಿಗೆ ₹1.30, ಒಂದು ಲೀಟರ್ ಕುದಿಸಲು ₹21. ಉದ್ದ ಡಬ್ಬಿ ₹180 ಆದರೆ ಗ್ರಾಮಿಗೆ 82 ಪೈಸೆ, ಲೀಟರಿಗೆ ₹13. ಸಣ್ಣ ಸಿಲಿಂಡರ್ ತುಂಬಿಸಲು ₹600 ಆದರೆ ಗ್ರಾಮಿಗೆ 12 ಪೈಸೆ, ಲೀಟರಿಗೆ ಎರಡು ರೂಪಾಯಿಯೂ ಇಲ್ಲ. ಪಂಪ್ ಸ್ಟೌ ಬಿಸಿ ಮಾಡುವ ಎಣ್ಣೆಯೂ ಸೇರಿ ಲೀಟರ್ ನೀರಿಗೆ 30 ಮಿ.ಲೀ. ಕುಡಿಯುತ್ತದೆ ಎಂದುಕೊಳ್ಳಿ. ಎಣ್ಣೆ ಲೀಟರಿಗೆ ₹80 ಆದರೆ ₹2.40.

ನೋಡಿ, ಡಬ್ಬಿಯಲ್ಲೂ ಸಿಲಿಂಡರಿನಲ್ಲೂ ಇರುವುದು ಹೆಚ್ಚುಕಮ್ಮಿ ಒಂದೇ ಜಾತಿಯ ಗ್ಯಾಸ್. ಬೆಲೆ ಹತ್ತು ಪಟ್ಟು ಬೇರೆ. ನಾವು ದುಡ್ಡು ಕೊಡುತ್ತಿರುವುದು ಒಮ್ಮೆ ಬಳಸಿ ಬಿಸಾಡುವ ತಗಡಿಗೆ.

ಒಂದು ರಾತ್ರಿಯ ಲೆಕ್ಕ

ನಾಲ್ಕು ಜನ, ಒಂದು ರಾತ್ರಿ. ನನ್ನ ಪಟ್ಟಿ ಹೀಗಿದೆ: ಸಂಜೆ ಚಹಾಕ್ಕೆ 20 ಗ್ರಾಂ, ಸಣ್ಣ ಕುಕ್ಕರಿನಲ್ಲಿ ಅನ್ನಕ್ಕೆ 40, ಟೊಮೆಟೊ ಸಾರಿಗೆ 25, ಬೆಳಗಿನ ಚಹಾಕ್ಕೆ 20, ಉಪ್ಪಿಟ್ಟಿಗೆ 35. ಒಟ್ಟು 140 ಗ್ರಾಂ. ತಿರುಪು ಡಬ್ಬಿಯಲ್ಲಿ ₹182, ಉದ್ದ ಡಬ್ಬಿಯಲ್ಲಿ ₹115, ಸಿಲಿಂಡರಿನಲ್ಲಿ ₹17.

ಹಾಗಂತ ಎಲ್ಲರೂ ಸಿಲಿಂಡರಿಗೆ ಓಡಬೇಕಿಲ್ಲ. ಪುಟ್ಟ ಬರ್ನರ್ ₹900ಕ್ಕೆ ಸಿಕ್ಕಿತು, ಸಿಲಿಂಡರ್ ಮತ್ತು ಅದರ ಒಲೆ ಸೇರಿ ₹3,000 ಆಯಿತು ಎಂದುಕೊಳ್ಳಿ. ವ್ಯತ್ಯಾಸ ₹2,100. ಪ್ರತಿ ಟ್ರಿಪ್ಪಿಗೆ ಉಳಿಯುವುದು ₹165. ಹದಿಮೂರನೇ ಟ್ರಿಪ್ಪಿಗೆ ಹಾಕಿದ ದುಡ್ಡು ಹುಟ್ಟುತ್ತದೆ. ವರ್ಷಕ್ಕೆ ಎರಡು ಸಲ ಹೋಗುವವರಿಗೆ ಅದು ಆರೇಳು ವರ್ಷ! ತಿಂಗಳಿಗೊಮ್ಮೆ ಕುಟುಂಬ ಸಮೇತ ಹೊರಡುವವರಿಗೆ ಮಾತ್ರ ಇದು ಲಾಭ. ಇಬ್ಬರು ಅಪರೂಪಕ್ಕೆ ನಡೆಯುವುದಾದರೆ ದುಬಾರಿ ಡಬ್ಬಿಯೇ ಅಗ್ಗ.

ಗಾಳಿ, ಚಳಿ, ಎತ್ತರ

ಬಾಲ್ಕನಿಯ 16 ಗ್ರಾಂ ಗುಡ್ಡದ ಮೇಲೆ 30 ಆಗಬಹುದು. ನಮ್ಮ ಅನ್ನ ಕೆಟ್ಟದ್ದು ಇದರಿಂದಲೇ. ಗಾಳಿ ಬರುವ ಕಡೆ ಬ್ಯಾಗನ್ನೋ ಕಲ್ಲನ್ನೋ ಸ್ವಲ್ಪ ದೂರದಲ್ಲಿ ಅಡ್ಡ ಇಡಿ. ತಿರುಪು ಡಬ್ಬಿಗೆ ಸುತ್ತಲೂ ತಗಡು ಕಟ್ಟಿ ಕೋಟೆ ಮಾಡಬೇಡಿ, ಉರಿಯ ಕಾವು ಡಬ್ಬಿಗೆ ತಿರುಗುತ್ತದೆ.

ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ನಿಜ. ಆದರೆ ಗ್ಯಾಸ್ ಆವಿಯಾಗುತ್ತಾ ಡಬ್ಬಿ ತಾನೇ ತಣ್ಣಗಾಗುತ್ತದೆ. ಮಲೆನಾಡಿನ ಜನವರಿ ಬೆಳಗ್ಗೆ ಉರಿ ಸೊರಗಿದರೆ ಗಾಬರಿ ಬೇಡ, ಅಗಲವಾದ ತಟ್ಟೆಯಲ್ಲಿ ಮಾಮೂಲು ತಣ್ಣೀರು ಹಾಕಿ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿ. ಬಿಸಿನೀರು ಬೇಡ. ಹಿಮಾಲಯಕ್ಕೆ ಹೊರಟವರು ಪ್ರೊಪೇನ್, ಐಸೊಬ್ಯೂಟೇನ್ ಬೆರೆತ ಡಬ್ಬಿ ಕೇಳಿ ಕೊಳ್ಳಿ.

ಎತ್ತರ ಹೆಚ್ಚಿದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿ 94ಕ್ಕೇ ಕುದಿ. ಚಹಾಕ್ಕೆ ಅಡ್ಡಿಯಿಲ್ಲ. ಬೇಳೆ ಬೇಯಿಸಲು ಹೋದರೆ ಗ್ಯಾಸ್ ಮುಗಿದರೂ ಬೇಳೆ ಬೇಯುವುದಿಲ್ಲ. ಎರಡು ಲೀಟರಿನ ಕುಕ್ಕರ್ ಒಯ್ಯಿರಿ, ಇಲ್ಲವೇ ಬೇಳೆ ಬಿಡಿ.

ಎಲ್ಲಿ ಹಚ್ಚಬಾರದು

ಟೆಂಟಿನ ಒಳಗೆ ಬೇಡವೇ ಬೇಡ. ಮಳೆ ಬಂದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ಬೆಂಕಿಯೂ ಬೇಡ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸೌದೆ ಪುಕ್ಕಟೆ ಅಲ್ವಾ ಅನ್ನುವವರು ಫೆಬ್ರುವರಿಯಲ್ಲಿ ಒಣಗಿ ನಿಂತ ಶೋಲಾ ಕಾಡಿನಂಚಿನ ಹುಲ್ಲನ್ನು ಒಮ್ಮೆ ನೋಡಬೇಕು.

ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಒಳಗೆ ಕದ್ದು ಒಯ್ದಿದ್ದ ಸಿಲಿಂಡರ್ ಇತ್ತು. ವಿಮಾನದಲ್ಲೂ ಬಿಡುವುದಿಲ್ಲ. ಬರ್ನರ್ ಮಾತ್ರ ಒಯ್ದು ಡಬ್ಬಿಯನ್ನು ಹೋದ ಊರಲ್ಲೇ ಕೊಳ್ಳಿ. ಖಾಲಿ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಗ್ಯಾಸ್ ತುಂಬಿಸುವ ನಳಿಕೆ ಮಾರುವವರೂ ಇದ್ದಾರೆ. ಉಳಿಯುವುದು ಇನ್ನೂರು ರೂಪಾಯಿ, ಮತ್ತೆ ತುಂಬಿಸಿ ಬಳಸುವಂತೆ ಆ ತಗಡನ್ನು ಮಾಡಿಯೇ ಇಲ್ಲ.

ಎಷ್ಟು ಉಳಿದಿದೆ?

ತಕ್ಕಡಿ ಇಲ್ಲದ ಕಡೆ ಬಕೆಟ್ ನೀರಿನಲ್ಲಿ ಡಬ್ಬಿ ತೇಲಿಬಿಡಿ. ತುಂಬಿದ್ದು ಆಳಕ್ಕಿಳಿದು ತೇಲುತ್ತದೆ, ಖಾಲಿಯಾದಷ್ಟೂ ಮೇಲೇಳುತ್ತದೆ. ತಕ್ಕಡಿ ಇದ್ದರೆ ಮಾರ್ಕರ್ ಸಾಕು. ನನ್ನ ಡಬ್ಬಿಯ ಹೊಟ್ಟೆಯ ಮೇಲೆ ಈಗ ಮೂರು ಅಂಕಿ ಇವೆ: 376, 360, 231. ಪಕ್ಕದಲ್ಲಿ ‘ಖಾಲಿ 146’. ಅಂದರೆ ಇನ್ನೂ 85 ಗ್ರಾಂ ಇದೆ. ಈ ಶನಿವಾರ ಹೊರಟಿರುವುದು ಇಬ್ಬರೇ. ಎರಡು ಹೊತ್ತಿನ ಚಹಾ, ಒಂದು ಸಾರು, ಬೆಳಗ್ಗೆ ಉಪ್ಪಿಟ್ಟು. ಅನ್ನವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುತ್ತಿದ್ದೇವೆ.