ಎರಡು ಹುಣಸೆ ಬೀಜ ಇಟ್ಕೊಂಡು ಮೆದುಳಿನ ಕಳ್ಳಾಟ ಹಿಡಿಯೋದು ಹೆಂಗೆ

ನಮಗೆ ಕಾಣ್ತಿರೋದ್ರಲ್ಲಿ ಕಣ್ಣು ಕೊಟ್ಟಿದ್ದೆಷ್ಟು, ಮೆದುಳು ಸೇರಿಸಿದ್ದೆಷ್ಟು ಅಂತ ನೋಡೋಕೆ ಲ್ಯಾಬ್ ಗೀಬ್ ಏನೂ ಬೇಡ. ನಮ್ಮ ತುಮಕೂರು ಕಡೆ ಹುಣಸೆ ಕುಟ್ಟೋ ಟೈಮಲ್ಲಿ ಮನೆ ಮೂಲೆ ಮೂಲೆಲೂ ಬೀಜ ಸಿಗುತ್ತಲ್ಲ, ಎರಡು ಎತ್ಕೊಳ್ಳಿ, ಜೊತೆಗೆ ಮಕ್ಕಳ ಗೆರೆ ನೋಟ್‌ಬುಕ್ಕು.

ಎರಡು ಬೀಜನೂ ಒಂದೇ ಗೆರೆ ಮೇಲೆ, ಮಧ್ಯ 8 ಸೆಂಟಿಮೀಟರ್ ಬಿಟ್ಟು ಇಡಿ, ಹತ್ರತ್ರ ನಾಲ್ಕು ಬೆರಳಗಲ. ಎಡಗಣ್ಣು ಮುಚ್ಕೊಂಡು ಬಲಗಣ್ಣಲ್ಲಿ ಎಡಗಡೆ ಬೀಜನೇ ನೋಡ್ತಾ ಬಗ್ಗಿ, ಸ್ಕೂಲ್ ಸ್ಕೇಲಷ್ಟು, ಅಂದ್ರೆ 30 ಸೆಂಟಿಮೀಟರ್ ದೂರದಲ್ಲಿ ನಿಧಾನಕ್ಕೆ ತಲೆ ಮೇಲೆ ಕೆಳಗೆ ಮಾಡಿ. ಒಂದು ಕಡೆ ಬಲಗಡೆ ಬೀಜ ಮಾಯ! ಎಲ್ರೂ ಮಾಡೋ ತಪ್ಪು ಏನಂದ್ರೆ ಹೋಯ್ತಾ ಅಂತ ಅದನ್ನೇ ನೋಡ್ಬಿಡ್ತಾರೆ, ನೋಡಿದ್ ತಕ್ಷಣ ಬಂದ್ಬಿಡುತ್ತೆ. ನಮ್ಮಜ್ಜಿ ನಾಲ್ಕು ಸಲ ಹಂಗೇ ಮಾಡಿ ಐದನೇ ಸಲಕ್ಕೆ ‘ಅಯ್ಯೋ ಎಲ್ಲೋಯ್ತೋ’ ಅಂತ ಕೈಯಲ್ಲಿ ತಡಕಾಡಿದ್ರು, ಆಮೇಲೆ ‘ನನ್ ಕಣ್ಣಾಗೆ ತೂತೈತೇನ್ಲಾ’ ಅಂತ ಗಾಬರಿ ಬೇರೆ.

ತೂತು ಎಲ್ರಿಗೂ ಇದೆ ಅಜ್ಜಿ ಅಂದೆ. ರೆಟಿನಾ, ಅಂದ್ರೆ ಕಣ್ಣಿನ ಒಳಗಡೆ ಹಿಂಬದಿ ಪರದೆಯಿಂದ ಮೆದುಳಿಗೆ ನರ ಹೊರಗೆ ಹೋಗೋ ಜಾಗದಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ, ಅದೇ ಬ್ಲೈಂಡ್ ಸ್ಪಾಟ್, 1660ರ ದಶಕದಲ್ಲೇ ಫ್ರಾನ್ಸಿನ ವಿಜ್ಞಾನಿ ಮಾರಿಯೋಟ್ ಇದನ್ನ ತೋರಿಸಿದ್ದ. ಎರಡೂ ಕಣ್ಣು ಬಿಟ್ಟಿದ್ರೆ ಒಂದರ ತೂತನ್ನ ಇನ್ನೊಂದು ಮುಚ್ಚುತ್ತೆ.

ಈಗ ಮತ್ತೆ ಮಾಯ ಮಾಡಿ, ಈ ಸಲ ಆ ಜಾಗದಲ್ಲಿ ಏನು ಕಾಣ್ತಿದೆ ಅಂತ ಗಮನ ಕೊಡಿ, ಆದ್ರೆ ಕಣ್ಣು ಅಲ್ಲಾಡಿಸ್ಬೇಡಿ. ಗೆರೆ ಕಾಣುತ್ತೆ! ಬೀಜದ ಅಡಿ ಮುಚ್ಚಿಹೋಗಿರೋ ಗೆರೆ, ಕಣ್ಣಿಗೆ ಬೀಳೋ ಚಾನ್ಸೇ ಇಲ್ಲ, ಆದ್ರೂ ಒಂದು ಚೂರೂ ತುಂಡಾಗ್ದೆ ಓಡ್ತಿರುತ್ತೆ, ಅಕ್ಕಪಕ್ಕ ನೋಡ್ಕೊಂಡು ಮೆದುಳೇ ಅಲ್ಲಿ ತೇಪೆ ಹಾಕಿರೋದು. ನನಗಂತೂ ಬೀಜ ಹೋಗಿದ್ದಕ್ಕಿಂತ ಇದೇ ತಲೆಕೆಡಿಸಿದ್ದು.

ಹಂಗಾದ್ರೆ ಮೆದುಳಲ್ಲಿ ಒಂದಷ್ಟು ನರಕೋಶ ಸಿಗ್ನಲ್ ಕಳಿಸಿದ್ ಮಾತ್ರಕ್ಕೆ ‘ನನಗೆ ಕಾಣ್ತಿದೆ’ ಅನ್ನೋ ಅರಿವು ಎಲ್ಲಿಂದ ಹುಟ್ಟುತ್ತೆ? ಅದಕ್ಕೆ ಈ ಬೀಜ ಸಾಲಲ್ಲ. ಈ ಅರಿವಿನ, ಅಂದ್ರೆ ಪ್ರಜ್ಞೆಯ ಗುರುತು ಮೆದುಳಲ್ಲಿ 25 ವರ್ಷದೊಳಗೆ ಸಿಗುತ್ತೆ ಅಂತ ವಿಜ್ಞಾನಿ ಕ್ರಿಸ್ಟಾಫ್ ಕಾಕ್ 1998ರಲ್ಲಿ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ಬೆಟ್ ಕಟ್ಟಿ, 2023ರಲ್ಲಿ ಸೋಲೊಪ್ಕೊಂಡು ವೈನ್ ಬಾಟ್ಲಿಗಳನ್ನ ಕೊಟ್ರು.

ಎಡಗಣ್ಣಿಗೆ ಟ್ರೈ ಮಾಡೋರು ಎಲ್ಲಾ ಉಲ್ಟಾ ಮಾಡ್ಕೊಳ್ಳಿ, ಬಲಗಡೆ ಬೀಜ ನೋಡ್ಬೇಕು, ಎಡಗಡೇದು ಹೋಗುತ್ತೆ.