ಆಷಾಢದಲ್ಲಿ ಸೂಜಿ, ಶ್ರಾವಣದಲ್ಲಿ ಮೂಗು

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಮ್ಮಲ್ಲಿ ಒಂದು ಲೆಕ್ಕವಿದೆ. ನನ್ನದು ಶುರುವಾದರೆ ಹನ್ನೊಂದಕ್ಕೆ ನಿಲ್ಲುತ್ತದೆ. ಅದರ ಫಲವನ್ನು ಯಾರೂ ಬರೆದಿಟ್ಟಿಲ್ಲ. ನಾನು ಮೈಸೂರಿನಲ್ಲಿ ಪೌರೋಹಿತ್ಯ ಮಾಡುವವನು. ಶ್ರಾವಣ ಬಂದರೆ ಸಾಲುಸಾಲು ಗೃಹಪ್ರವೇಶ. ಮನೆಗಳೆಲ್ಲ ಹೊಸ ಬಡಾವಣೆಗಳಲ್ಲಿ, ಪಕ್ಕದ ಖಾಲಿ ನಿವೇಶನಗಳಲ್ಲಿ ಸೊಂಟದೆತ್ತರದ ಕಾಂಗ್ರೆಸ್ ಗಿಡ, ಹೂಬಿಟ್ಟ ಹುಲ್ಲು. ಬಾಗಿಲಿಗೆ ತೋರಣ ಕಟ್ಟುವ ಹೊತ್ತಿಗೆ ನನ್ನ ಮೂಗು ನಲ್ಲಿಯಾಗಿರುತ್ತದೆ. ಅಲರ್ಜಿ ಮಾತ್ರೆ ಸೆಟಿರಿಜಿನ್ ನುಂಗಿದರೆ ಸೀನು ನಿಲ್ಲುತ್ತದೆ, ಆದರೆ ಸಂಕಲ್ಪದ ನಡುವೆ ತೂಕಡಿಕೆ. ಒಮ್ಮೆ ಯಜಮಾನರ ಗೋತ್ರವನ್ನೇ ಬದಲಾಯಿಸಿಬಿಟ್ಟೆ. ಮಾತ್ರೆ ಸ್ವಲ್ಪ ಕಡಿಮೆಯಾದರೆ ಸಾಕು ಎಂದು, ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆಯಾದ ಅಕ್ಯುಪಂಕ್ಚರ್ ಕಡೆ ತಿರುಗಿದವನು ನಾನು. ಕಾಯಿಲೆಯೇ ಹೋಗಲಿ ಎಂದುಕೊಂಡು ಹೋಗುವವರು ಈ ಬರಹವನ್ನು ಇಲ್ಲಿಗೇ ಬಿಡಬಹುದು.

ಮೊದಲು ಅದು ಅಲರ್ಜಿಯೇ ಎಂದು ಖಚಿತಪಡಿಸಿಕೊಳ್ಳಿ. ಜ್ವರವಿಲ್ಲ, ಮೂಗಿನಿಂದ ತಿಳಿನೀರು, ಕಣ್ಣು ಮತ್ತು ಅಂಗುಳ ಕಡಿತ, ಪ್ರತಿವರ್ಷ ಅದೇ ತಿಂಗಳು ಎಂದರೆ ಬಹುಪಾಲು ಅಲರ್ಜಿಯೇ. ವರ್ಷವಿಡೀ ಇದ್ದರೆ ಹಾಸಿಗೆಯ ದೂಳಿನ ನುಸಿಯ ಮೇಲೂ ಅನುಮಾನಪಡಿ. ಕಿವಿ, ಮೂಗು, ಗಂಟಲು ವೈದ್ಯರು ಚರ್ಮದ ಪರೀಕ್ಷೆ ಮಾಡಿಸಬಹುದು. ಅದಕ್ಕೆ ಮೊದಲು ಅಲರ್ಜಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕು, ಎಷ್ಟು ದಿನ ಎಂದು ಅವರನ್ನೇ ಕೇಳಿ. ಉಸಿರಾಡುವಾಗ ಎದೆ ಸುಯ್ಗುಟ್ಟಿದರೆ ಸೂಜಿಯ ಮಾತು ಆಮೇಲೆ, ಮೊದಲು ಆಸ್ತಮಾದ ತಪಾಸಣೆ. ಇನ್ಹೇಲರ್ ಇದ್ದವರು ಅದನ್ನು ಸೂಜಿ ನಂಬಿ ನಿಲ್ಲಿಸಲೇಬಾರದು.

ಇನ್ನು ಮುಹೂರ್ತ. ಆಷಾಢದಲ್ಲಿ ನಮ್ಮ ಕಡೆ ಶುಭಕಾರ್ಯಗಳಿಲ್ಲ, ನನಗೆ ಬಿಡುವು. ಸೀನು ಶುರುವಾಗುವ ಮೂರು ನಾಲ್ಕು ವಾರ ಮೊದಲೇ ಬನ್ನಿ ಎಂದು ಸೂಜಿ ಚುಚ್ಚುವ ವೈದ್ಯೆ ಹೇಳಿದ್ದಕ್ಕೂ ಇದು ಸರಿಹೊಂದಿತು. ಎಂಟು ವಾರ, ಒಟ್ಟು ಹನ್ನೆರಡು ಸಲ: ಮೊದಲ ನಾಲ್ಕು ವಾರ ಎರಡೆರಡು, ಆಮೇಲೆ ಒಂದೊಂದು. ಈ ಹನ್ನೆರಡರ ಲೆಕ್ಕ ಸುಮ್ಮನೆ ಬಂದದ್ದಲ್ಲ. ಜರ್ಮನಿಯಲ್ಲಿ ಬರ್ಚ್ ಮರ ಮತ್ತು ಹುಲ್ಲಿನ ಪರಾಗದ ಅಲರ್ಜಿಯಿದ್ದ 422 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಎಂಟು ವಾರದಲ್ಲಿ ಹನ್ನೆರಡು ಸಲವೇ ಚುಚ್ಚಿದ್ದರು. ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ತೋರಿಕೆಯ ಸೂಜಿ, ಕೆಲವರಿಗೆ ಬರೀ ಸೆಟಿರಿಜಿನ್. ನಿಜವಾದ ಸೂಜಿಯವರಿಗೆ ತೊಂದರೆ ಕಡಿಮೆಯಾಯಿತು, ಮಾತ್ರೆಯೂ ಕಡಿಮೆ ಸಾಕಾಯಿತು. ಆದರೆ ಅಂತರ ದೊಡ್ಡದಲ್ಲ, ಹದಿನಾರನೆಯ ವಾರಕ್ಕೆ ಅದೂ ಉಳಿದಿರಲಿಲ್ಲ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ 2015ರ ಮಾರ್ಗಸೂಚಿ ಕೂಡ, ಔಷಧವಲ್ಲದ ದಾರಿ ಬೇಕೆನ್ನುವವರಿಗೆ ಇದನ್ನು ಸೂಚಿಸಬಹುದು ಎನ್ನುವಷ್ಟಕ್ಕೇ ನಿಲ್ಲುತ್ತದೆ.

ಯಾರ ಕೈಗೆ ಮೂಗು ಕೊಡಬೇಕು ಎನ್ನುವುದರಲ್ಲಿ ನಾನು ಒಮ್ಮೆ ಎಡವಿದ್ದೇನೆ. ಮೊದಲು ಹೋದ ಕಡೆ ಸೂಜಿಗಳು ಸ್ಪಿರಿಟ್ ತುಂಬಿದ ಗಾಜಿನ ಬಟ್ಟಲಲ್ಲಿ ನಿಂತಿದ್ದವು, ಊದುಬತ್ತಿ ಸ್ಟ್ಯಾಂಡಿನ ಹಾಗೆ. "ಇವು ಯಾರದ್ದು?" ಎಂದೆ. "ಎಲ್ಲರದ್ದೂ, ತೊಳೆದಿರುತ್ತೇವೆ" ಎಂದರು. ಚಪ್ಪಲಿ ಹಾಕಿಕೊಂಡು ಬಂದೆ. ಹೆಪಟೈಟಿಸ್ ಬಿ ಸ್ಪಿರಿಟ್ಟಿಗೆ ಹೆದರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಒಂದು ಸಲ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಭಾರತ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿಯೆಂದು ಒಪ್ಪಿದೆ. ಹಾಗೆಂದು ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ನಾನು ಈಗ ಹೋಗುವವರು ಬಿಎನ್‌ವೈಎಸ್ ಎಂಬ ಪ್ರಕೃತಿ ಚಿಕಿತ್ಸೆ, ಯೋಗದ ಪದವಿ ಓದಿದ ವೈದ್ಯೆ. ಪದವಿ, ನೋಂದಣಿ ಕೇಳಲು ಸಂಕೋಚ ಬೇಡ. ನೀವು ಗರ್ಭಿಣಿಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಪೇಸ್‌ಮೇಕರ್ ಇದೆಯೇ ಎಂದು ಅವರು ಕೇಳದಿದ್ದರೆ ನೀವೇ ಹೇಳಿ.

ಹೋಗುವ ದಿನ ಉಪವಾಸ ಬೇಡ. ಏಕಾದಶಿಯಂದು ಹೋಗಿ ತಲೆಸುತ್ತಿ ಗೋಡೆ ಹಿಡಿದವನ ಮಾತಿದು. ಎರಡು ಇಡ್ಲಿ ತಿಂದು, ಸಡಿಲ ಬಟ್ಟೆಯಲ್ಲಿ ಹೋಗಿ. ಪಂಚೆಯವರಿಗೆ ಮೊಣಕಾಲಿನ ಸೂಜಿ ಸುಲಭ. ಮಲಗಿಸುತ್ತಾರೆ. ಸೂಜಿ ಇಂಜೆಕ್ಷನ್ನಿನದರಂತಲ್ಲ, ಕೂದಲಿನ ಹಾಗೆ ಬಳುಕುವ ಕಾಲು ಮಿಲಿಮೀಟರ್ ದಪ್ಪದ ಉಕ್ಕು. ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮಕ್ಕೆ ಒತ್ತಿ, ಸೂಜಿಯ ತಲೆಗೆ ಬೆರಳಿನಿಂದ ಟಕ್ ಎಂದು ತಟ್ಟುತ್ತಾರೆ. ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸದಲ್ಲಿ ಒಂದು, ಮೊಣಕೈ ಮಡಿಕೆಯಲ್ಲಿ ಒಂದು, ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಹೊರಬದಿಗೆ ಒಂದು, ಗಂಧವಿಡುವ ಹುಬ್ಬುಗಳ ನಡುವೆ ಒಂದು. ಕೈಯಲ್ಲಿ ನೋವಿಗಿಂತ ಭಾರ, ಜೋಮು. ಹಾಗಾದರೆ ಸರಿಯಾಗಿ ಕುಳಿತಿದೆ ಎಂದರ್ಥವಂತೆ.

ನಿಜವಾಗಿ ಚುರುಕೆನ್ನುವುದು ಮೂಗಿನ ಹೊಳ್ಳೆಗಳ ಪಕ್ಕದವು. ಕಣ್ಣಲ್ಲಿ ತಟ್ಟನೆ ನೀರು ಬಂತು. "ಶಾಸ್ತ್ರಿಗಳೇ, ಈಗ ಮಾತ್ರ ಸೀನಬೇಡಿ" ಎಂದರು ವೈದ್ಯೆ. "ಅದೇ ತಾಯಿ, ಅದಕ್ಕೇ ಅಲ್ಲವೇ ಬಂದದ್ದು" ಎಂದೆ. ಆ ಬಿಂದುವಿನ ಚೀನೀ ಹೆಸರಿಗೆ ಪರಿಮಳವನ್ನು ಎದುರುಗೊಳ್ಳುವುದು ಎಂಬ ಅರ್ಥವಂತೆ. ಇಪ್ಪತ್ತೈದು ನಿಮಿಷದ ಮೇಲೆ ಸೂಜಿ ತೆಗೆದರು. ಹುಬ್ಬಿನ ನಡುವೆ ಸಾಸಿವೆಯಷ್ಟು ರಕ್ತ, ಹತ್ತಿಯಲ್ಲಿ ಒತ್ತಿದರೆ ನಿಂತಿತು. ಎದೆ, ಬೆನ್ನಿನ ಮೇಲ್ಭಾಗಕ್ಕೆ ಚುಚ್ಚುವುದಾದರೆ ಅನುಭವಿಗಳೇ ಆಗಬೇಕು, ಆಳ ಹೋದರೆ ಶ್ವಾಸಕೋಶಕ್ಕೆ ತಗಲುವುದುಂಟು. ಯಾರೋ ಮಾಡಿದ ವಿಡಿಯೊ ನೋಡಿ ಮನೆಯಲ್ಲಿ ನೀವೇ ಚುಚ್ಚಿಕೊಳ್ಳಬೇಡಿ.

ಉಳಿದದ್ದನ್ನು ಕೈಬಿಡಬೇಡಿ. ವೈದ್ಯರು ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದಿದ್ದರೆ ಅದು ದಿನವೂ ಬೇಕು, ಪೂರ್ತಿ ಕೆಲಸ ಮಾಡಲು ದಿನಗಳು ಹಿಡಿಯುತ್ತವೆ. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ. ಆಗ ಮದ್ದು ನಡುಗೋಡೆಗೆ ಬಡಿಯುವುದಿಲ್ಲ. ಜಲನೇತಿ, ಅಂದರೆ ಮೂಗಿನೊಳಗೆ ನೀರು ಹರಿಸಿ ತೊಳೆಯುವುದು, ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ. ನಾನು ಬಡಾವಣೆಯಿಂದ ಬಂದ ಕೂಡಲೇ ತಲೆಗೆ ಸ್ನಾನ ಮಾಡುತ್ತೇನೆ. ಮಡಿಯೂ ಆಯಿತು, ಪರಾಗವೂ ಹೋಯಿತು.

ಫಲ ಬಂತೇ ಎಂದು ತಿಳಿಯಲು ಬರೆದಿಡದೆ ಬೇರೆ ದಾರಿಯಿಲ್ಲ. ಮುಹೂರ್ತ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ರಾತ್ರಿ ಮಲಗುವ ಮುಂಚೆ ಎರಡು ಅಂಕಿ ಬರೆಯುತ್ತೇನೆ: ತೊಂದರೆಗೆ ಸೊನ್ನೆಯಿಂದ ಮೂರು, ಪಕ್ಕದಲ್ಲಿ ಮಾತ್ರೆ ಎಷ್ಟು. ಸೂಜಿ ಇಲ್ಲದ ವರ್ಷ ಶ್ರಾವಣ, ಭಾದ್ರಪದ ಸೇರಿ 41 ಮಾತ್ರೆ, ಮರುವರ್ಷ 24. ಆ ವರ್ಷ ಮಳೆಯೂ ಹಿಂದೆ ಬಿದ್ದಿತ್ತು, ಕಾಂಗ್ರೆಸ್ ಗಿಡ ಮಂಡಿಯೆತ್ತರಕ್ಕೇ ನಿಂತಿತ್ತು. ಹದಿನೇಳು ಮಾತ್ರೆಗಳಲ್ಲಿ ಸೂಜಿಯ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಭಾಗ ಮಾಡಲು ನನ್ನಿಂದಾಗದು. ಆರು ಸಲದ ನಂತರವೂ ಅಂಕಿ ಕದಲದಿದ್ದರೆ ದುಡ್ಡು ಉಳಿಸಿಕೊಳ್ಳಿ ಎಂದು ವೈದ್ಯೆಯೇ ಹೇಳಿದ್ದರು. ನನ್ನದು ಐದನೆಯದಕ್ಕೆ ಕದಲಿತು. ಈ ಆಷಾಢಕ್ಕೂ ಮಂಗಳವಾರ, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಹೆಸರು ಬರೆಸಿದ್ದೇನೆ. ಏಕಾದಶಿ ಬಿದ್ದ ದಿನ ಮಾತ್ರ ಬಿಟ್ಟು.