ಚುಕ್ಕಾಣಿ ಎಳೆಯುವುದನ್ನು ಬಿಟ್ಟ ಮೇಲೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ ಸುಮ್ನೆ ಬೀಸುವುದಿಲ್ಲ. ಒಳನಾಡಿನ ಕಣಿವೆ ಕಾದು ಬಿಸಿಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ನುಗ್ಗುತ್ತದೆ. ಮೂರು ಗಂಟೆ ಹೊತ್ತಿಗೆ 20–25 ನಾಟ್ (ಗಂಟೆಗೆ ಸುಮಾರು 37–46 ಕಿ.ಮೀ.) ಮಾಮೂಲು. ಗಾಳಿ 10ರಿಂದ 20 ನಾಟ್‌ಗೆ ಏರಿದರೆ ಹಾಯಿ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ.

ನಾನು ಕಲಿತದ್ದು ಜೆ-24ರಲ್ಲಿ, 24 ಅಡಿಯ ದೋಣಿ. ಕೊಲ್ಲಿಯ ಪೂರ್ವ ದಡದ ಬರ್ಕ್ಲಿಯಿಂದ ಗಾಳಿಗೆದುರಾಗಿ ಹೊರಟರೆ ದೋಣಿ ವಾಲಿ, ಅಂಚು ನೀರಿಗೆ ತಾಗುತ್ತಿತ್ತು. ನಾನು ಎರಡೂ ಕೈಯಲ್ಲಿ ಚುಕ್ಕಾಣಿ ಎಳೆದು ಕೂರುತ್ತಿದ್ದೆ. ಭುಜ ನೋಯುತ್ತಿತ್ತೇ ಹೊರತು ದೋಣಿ ಓಡುತ್ತಿರಲಿಲ್ಲ. ಜೊತೆಗಿದ್ದ ಹೊನ್ನಾವರದ ಗೆಳೆಯ ಒಂದು ದಿನ ಕೇಳಿಯೇಬಿಟ್ಟ: "ಮಾರಾಯಾ, ಬ್ರೇಕ್ ಹಿಡ್ಕೊಂಡು ಗಾಡಿ ಓಡಿಸ್ತಾರಾ? ಮೊದಲು ಮೇನ್‌ಸೇಲ್ ನೋಡು." ಅಂದರೆ ಕೂವೆಮರದ ಹಿಂದಿನ ಮುಖ್ಯ ಹಾಯಿ.

ವಾಲುವುದು 20 ಡಿಗ್ರಿ ದಾಟಿದರೆ ದೋಣಿ ತಾನೇ ಗಾಳಿಯ ಕಡೆ ಮೂತಿ ತಿರುಗಿಸುತ್ತದೆ. ಅದನ್ನು ತಡೆಯಲು ಚುಕ್ಕಾಣಿ ಎಳೆದರೆ ಅದರ ಹಲಗೆ ನೀರಿಗೆ ಅಡ್ಡ ನಿಲ್ಲುತ್ತದೆ. ಅವನು ಬ್ರೇಕ್ ಅಂದದ್ದು ಅದಕ್ಕೇ.

ಈಗ ಮೊದಲು ಬ್ಯಾಕ್‌ಸ್ಟೇ, ಅಂದರೆ ಕೂವೆಮರದ ತುದಿಯಿಂದ ದೋಣಿಯ ಹಿಂಬದಿಗೆ ಬರುವ ತಂತಿ, ಗಟ್ಟಿಯಾಗಿ ಎಳೆಯುತ್ತೇನೆ. ಕೂವೆಮರ ಬಾಗುತ್ತದೆ, ಹಾಯಿಯ ಹೊಟ್ಟೆ ಇಳಿಯುತ್ತದೆ, ಮೇಲ್ತುದಿ ಬಿಚ್ಚಿಕೊಂಡು ಹೆಚ್ಚಿನ ಗಾಳಿಯನ್ನು ಆಚೆ ಬಿಡುತ್ತದೆ. ಹಾಯಿಯ ಕೆಳ ಅಂಚನ್ನು ಎಳೆಯುವ ಔಟ್‌ಹಾಲ್, ಮುಂದಿನ ಅಂಚನ್ನು ಎಳೆಯುವ ಕನಿಂಗ್‌ಹ್ಯಾಮ್, ಈ ಎರಡು ಹಗ್ಗವೂ ಬಿಗಿ. ಹಾಯಿ ಮೊರದ ಹಾಗಲ್ಲ, ಒಣಗಲು ಹಾಕಿದ ಹಪ್ಪಳದ ಹಾಗಿರಬೇಕು.

ಆಮೇಲಿನ ಕೆಲಸವೆಲ್ಲ ಟ್ರಾವೆಲರ್‌ನದು. ಹಾಯಿಯನ್ನು ಹಿಡಿಯುವ ಹಗ್ಗದ (ಶೀಟ್) ಬುಡವನ್ನು ದೋಣಿಗೆ ಅಡ್ಡಲಾಗಿ ಆಚೀಚೆ ಸರಿಸುವ ಹಳಿ ಅದು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಟ್ರಾವೆಲರ್‌ನ ಹಗ್ಗ. ನೀರಿನ ಮೇಲೆ ಕಪ್ಪು ಸುಕ್ಕು ಓಡಿ ಬರುವುದು ಕಂಡರೆ ಗಾಳಿಯ ಹೊಡೆತ ತಾಗುವ ಹೊತ್ತಿಗೇ ಅದನ್ನು ಕೆಳಗೆ, ಅಂದರೆ ದೋಣಿ ವಾಲುವ ಬದಿಗೆ, ಬಿಡುತ್ತೇನೆ. ವಾಲಿದ ಮೇಲೆ ಬಿಟ್ಟರೆ ತಡವಾಯಿತು. ಮೊದಲು ನಾನು ಶೀಟ್ ಬಿಡುತ್ತಿದ್ದೆ. ಹಾಯಿಯ ಬುಡದ ಅಡ್ಡಮರ ಬೂಮ್, ಅದನ್ನು ಕೆಳಗೆ ಎಳೆದು ಹಿಡಿಯುವ ಹಗ್ಗ ವ್ಯಾಂಗ್. ವ್ಯಾಂಗ್ ಸಡಿಲವಿದ್ದರೆ ಆಗ ಬೂಮ್ ಮೇಲೇಳುತ್ತದೆ, ಹಾಯಿಯ ಆಕಾರವೇ ಬದಲಾಗುತ್ತದೆ. ಟ್ರಾವೆಲರ್‌ನಲ್ಲಿ ಆಕಾರ ಹಾಗೇ ಉಳಿದು ಕೋನ ಮಾತ್ರ ಬದಲಾಗುತ್ತದೆ. ಅದು ಪೂರ್ತಿ ಕೆಳಗಿಳಿದರೂ ಸಾಲದಿದ್ದರೆ ಆಗ ಶೀಟ್.

ಕೆಳಗೆ ಬಿಟ್ಟಾಗ ಹಾಯಿಯ ಮುಂಭಾಗ ಗುಳ್ಳೆಯ ಹಾಗೆ ಗಾಳಿ ಬರುವ ಕಡೆಗೆ ಉಬ್ಬುತ್ತದೆ. ಅದು ಕಂಡರೆ ಗಾಬರಿಯಾಗಿ ಮತ್ತೆ ಒಳಗೆ ಎಳೆಯುತ್ತಿದ್ದೆ. ತಪ್ಪು. ಹಿಂಭಾಗದಲ್ಲಿ ಗಾಳಿ ತುಂಬಿರುವವರೆಗೆ ದೋಣಿ ಓಡುತ್ತಲೇ ಇರುತ್ತದೆ.

ಇಳಿತದ ನೀರು ಹೊರಗೆ ಹರಿಯುವಾಗ ಗಾಳಿಗೆ ಎದುರಾಗಿ ಕಡಿದಾದ ಗಿಡ್ಡ ಅಲೆ ಏಳುತ್ತದೆ. ಆಗ ಗಾಳಿಗೆ ತೀರಾ ಹತ್ತಿರ ಮೂತಿ ಹಿಡಿದರೆ ಪ್ರತಿ ಅಲೆಗೂ ದೋಣಿ ನಿಂತುಬಿಡುತ್ತದೆ. ತುಸು ಆಚೆ ತಿರುಗಿಸಿ ವೇಗ ಉಳಿಸಿಕೊಳ್ಳುವುದೇ ವಾಸಿ, ಮೈಯೆಲ್ಲ ಒದ್ದೆಯಾದರೂ.

ಈಗ ಚುಕ್ಕಾಣಿಗೆ ಎರಡು ಬೆರಳು ಸಾಕು. ಆದರೆ ವಾಪಸ್ ಬರುವಾಗ, ಗಾಳಿ ಬೆನ್ನಿಗೆ ಬಂದ ಮೇಲೂ ಬ್ಯಾಕ್‌ಸ್ಟೇ ಸಡಿಲ ಮಾಡಲು ಮರೆಯುತ್ತೇನೆ. ಹೊನ್ನಾವರದವನು ಏನೂ ಹೇಳುವುದಿಲ್ಲ, ತಲೆಯೆತ್ತಿ ಬಾಗಿದ ಕೂವೆಮರ ನೋಡುತ್ತಾನೆ ಅಷ್ಟೇ.